ಹಾಲೆಮರದ ಸುತ್ತಳತೆ

ಉಡುಪಿಯ ಬಳಿಯ ಹಿರಿಯಡ್ಕದ ಆಚೆ, ಸ್ವರ್ಣಾ ನದಿಯ ಕಡೆಗೆ ಇಳಿಯುವ ಒಂದು ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಯ ಮೇಲೆ 2012ರ ಜೂನ್ ತಿಂಗಳಿನಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಗಳು 420 ಸಸಿಗಳನ್ನು ನೆಟ್ಟರು. ಮೂರು ಮೀಟರಿಗೊಂದು ಗುಂಡಿಯಂತೆ, ಸುಮಾರು ಒಂದು ಎಕರೆ ಜಾಗ. ಕಿರಾಲ್‌ಬೋಗಿ, ಹೆಬ್ಬಲಸು, ರೆಂಜೆ, ಹೊನ್ನೆ, ಮರುವ, ನೇರಳೆ, ಪುನರ್ಪುಳಿ, ಹಾಲೆ, ಬೈನೆ. ಎಲ್ಲವೂ ನಮ್ಮ ಹಾಡಿಗಳಲ್ಲಿಯೂ ನಾಗಬನಗಳಲ್ಲಿಯೂ ಯಾರೂ ನೆಡದೆ ಬೆಳೆಯುವ ಮರಗಳು. ಹನ್ನೆರಡು ವರ್ಷಗಳ ನಂತರ, 2024ರ ಪರಿಸರ ದಿನದಂದು, ಆ ತೋಪಿನ ಗೇಟಿನ ಬಳಿ ಒಂದು ಫಲಕವನ್ನು ನಿಲ್ಲಿಸಲಾಯಿತು. "ಈ ವನವು 18 ಟನ್ ಇಂಗಾಲವನ್ನು ಹಿಡಿದಿಟ್ಟಿದೆ" ಎಂದು ಹಸಿರು ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಬರೆಯಲಾಗಿತ್ತು. ಆ ಸಂಖ್ಯೆಯನ್ನು ಲೆಕ್ಕ ಹಾಕಿ ಕೊಟ್ಟವನು ನಾನು. ಸಭೆಯಲ್ಲಿ ಚಪ್ಪಾಳೆಯಾಯಿತು, ಮಕ್ಕಳು ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮಾರನೆಯ ದಿನ ಬೆಳಿಗ್ಗೆ ನನ್ನ ಲೆಕ್ಕದ ಪುಸ್ತಕವನ್ನು ಮತ್ತೆ ತೆರೆದಾಗ ಆ ವಾಕ್ಯ ತಪ್ಪು ಎಂಬುದು ಕಣ್ಣಿಗೆ ಬಿತ್ತು.

ತಪ್ಪು ಸರಳವಾದದ್ದು. 18 ಟನ್ ಎಂಬುದು ಇಂಗಾಲದ ತೂಕವಾಗಿರಲಿಲ್ಲ, ಇಂಗಾಲದ ಡೈಆಕ್ಸೈಡಿನ ತೂಕವಾಗಿತ್ತು. ಇಂಗಾಲದ ಒಂದು ಪರಮಾಣುವಿನ ತೂಕ 12 ಆದರೆ ಅದು ಎರಡು ಆಮ್ಲಜನಕದೊಡನೆ ಸೇರಿ ಆಗುವ ಅಣುವಿನ ತೂಕ 44. ಆದುದರಿಂದ ಮರದಲ್ಲಿರುವ ಒಂದು ಟನ್ ಇಂಗಾಲವು ಗಾಳಿಯಿಂದ ಹೀರಿದ ಸುಮಾರು 3.67 ಟನ್ ಡೈಆಕ್ಸೈಡಿಗೆ ಸಮ. ಫಲಕದ ಮೇಲೆ ಇರಬೇಕಾಗಿದ್ದದ್ದು ಐದು ಟನ್ನಿಗೂ ಸ್ವಲ್ಪ ಕಡಿಮೆಯಾದ ಸಂಖ್ಯೆ. ನಾನು ಕೊಟ್ಟ ಹಾಳೆಯಲ್ಲಿ ಎರಡು ಕಂಬಸಾಲುಗಳಿದ್ದವು. ಬರೆಸಿದವರು ದೊಡ್ಡ ಸಂಖ್ಯೆಯನ್ನು ಆರಿಸಿದ್ದರು, ನಾನು ಕರಡನ್ನು ನೋಡಿಯೂ ಗಮನಿಸಿರಲಿಲ್ಲ. ಒಂದು ಪದವನ್ನು ತಿದ್ದಿದರೆ ಸರಿಹೋಗುತ್ತದೆ ಎಂದು ಮೊದಲು ಅನ್ನಿಸಿತು. ಆದರೆ ತಿದ್ದಲು ಕುಳಿತಾಗ, ಆ ಪದವನ್ನು ಸರಿಪಡಿಸಿದ ಮೇಲೂ 18 ಎಂಬ ಸಂಖ್ಯೆ ನಾನು ನಿಜವಾಗಿಯೂ ಬಲ್ಲದ್ದಕ್ಕಿಂತ ಹೆಚ್ಚನ್ನು ಹೇಳುತ್ತಿದೆ ಎಂಬ ಭಾವನೆ ಹೋಗಲಿಲ್ಲ. ಈ ಬರಹ ಆ ಭಾವನೆಯ ಬೆನ್ನು ಹತ್ತಿ ಹೋದದ್ದು.

ಕಡಿಯದೆ ತೂಗುವ ಬಗೆ

ಒಂದು ಮರದಲ್ಲಿ ಎಷ್ಟು ಇಂಗಾಲವಿದೆ ಎಂದು ಖಚಿತವಾಗಿ ತಿಳಿಯಲು ಇರುವ ದಾರಿ ಒಂದೇ. ಅದನ್ನು ಕಡಿದು, ಬೇರು ಕಿತ್ತು, ತುಂಡು ಮಾಡಿ, ಒಲೆಯಲ್ಲಿ ಒಣಗಿಸಿ ತೂಗಬೇಕು. ಉಳಿಸಲೆಂದು ನೆಟ್ಟ ಮರಕ್ಕೆ ಆ ದಾರಿ ಇಲ್ಲ. ಹಾಗಾಗಿ ಬೇರೆಲ್ಲಿಯೋ ಕಡಿದು ತೂಗಿದ ಮರಗಳಿಂದ ಕಟ್ಟಿದ ಸೂತ್ರಗಳನ್ನು ನಾವು ಎರವಲು ಪಡೆಯುತ್ತೇವೆ. ನಾನು ಬಳಸಿದ್ದು ಫ್ರಾನ್ಸಿನ ಜೆರೋಮ್ ಶಾವ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಸೂತ್ರ. ಉಷ್ಣವಲಯದ 58 ಸ್ಥಳಗಳಲ್ಲಿ ಕಡಿದು ತೂಗಿದ 4,004 ಮರಗಳು ಅದರ ಆಧಾರ. ಸೆಂಟಿಮೀಟರಿನಲ್ಲಿ ವ್ಯಾಸದ ವರ್ಗ, ಮೀಟರಿನಲ್ಲಿ ಎತ್ತರ, ಘನ ಸೆಂಟಿಮೀಟರಿಗೆ ಗ್ರಾಮಿನಲ್ಲಿ ಕಟ್ಟಿಗೆಯ ಸಾಂದ್ರತೆ, ಈ ಮೂರನ್ನು ಗುಣಿಸಿ, ಬಂದದ್ದನ್ನು 0.976ರ ಘಾತಕ್ಕೆ ಏರಿಸಿ, 0.0673ರಿಂದ ಗುಣಿಸಿದರೆ ನೆಲದ ಮೇಲಿನ ಭಾಗದ ಒಣತೂಕ ಕಿಲೋಗ್ರಾಮಿನಲ್ಲಿ ದೊರೆಯುತ್ತದೆ. ಅದರ ಶೇಕಡಾ 47ರಷ್ಟನ್ನು ಇಂಗಾಲವೆಂದು ಪರಿಗಣಿಸುವುದು ವಾಡಿಕೆ.

ಈ ಸೂತ್ರದಲ್ಲಿ ನಮ್ಮ ಕೈಗೆ ಸಿಗುವುದು ಸುತ್ತಳತೆ ಮಾತ್ರ. ಅದನ್ನು ಎದೆಯೆತ್ತರದಲ್ಲಿ ಅಳೆದು, ಪೈನಿಂದ ಭಾಗಿಸಿ ವ್ಯಾಸ ಪಡೆಯುತ್ತೇವೆ. ನಮ್ಮ ದೇಶದ ಅರಣ್ಯ ಇಲಾಖೆಗಳು ಎದೆಯೆತ್ತರವೆಂದು ನೆಲದಿಂದ 1.37 ಮೀಟರ್ ಹಿಡಿಯುತ್ತವೆ, ಹೊರಗಿನ ಸಂಶೋಧಕರು ಸಾಮಾನ್ಯವಾಗಿ 1.3 ಮೀಟರ್ ಹಿಡಿಯುತ್ತಾರೆ. ಯಾವುದನ್ನು ಆರಿಸಿದರೂ ನಡೆಯುತ್ತದೆ. ಆರು ವರ್ಷಗಳ ನಂತರ ಬಂದು ಅಳೆಯುವವನಿಗೆ ಅದೇ ಜಾಗ ಸಿಗಬೇಕು ಎಂಬುದು ಮುಖ್ಯ. 2018ರ ಜನವರಿಯಲ್ಲಿ ನಾವು ಪ್ರತಿ ಮರಕ್ಕೂ ಅಲ್ಯುಮಿನಿಯಂ ಬಿಲ್ಲೆ ಕಟ್ಟಿ, 1.37 ಮೀಟರಿನಲ್ಲಿ ಬಿಳಿ ಬಣ್ಣದ ಪಟ್ಟಿ ಬಳಿದೆವು. ಜನವರಿಯನ್ನು ಆರಿಸಿದ್ದಕ್ಕೂ ಕಾರಣವಿದೆ. ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಕಡೆ ಮಳೆಗಾಲದಲ್ಲಿ ತೊಗಟೆ ನೀರು ಹೀರಿ ಉಬ್ಬಿರುತ್ತದೆ. ಒಂದು ಸಲ ಆಗಸ್ಟಿನಲ್ಲಿ, ಇನ್ನೊಂದು ಸಲ ಏಪ್ರಿಲಿನಲ್ಲಿ ಅಳೆದರೆ ಬೆಳವಣಿಗೆಯೊಂದಿಗೆ ನೀರನ್ನೂ ಅಳೆದಂತಾಗುತ್ತದೆ. 47 ಸೆಂಟಿಮೀಟರ್ ಸುತ್ತಳತೆಯ ಮರದಲ್ಲಿ ಟೇಪು ಒಂದೇ ಒಂದು ಸೆಂಟಿಮೀಟರ್ ಸಡಿಲವಾದರೆ ತೂಕದಲ್ಲಿ ಶೇಕಡಾ 4ರಷ್ಟು ವ್ಯತ್ಯಾಸ ಬರುತ್ತದೆ. ಮಕ್ಕಳಿಗೆ ಇದನ್ನು ಹೇಳಿದ ಮೇಲೆ ಟೇಪು ಹಿಡಿಯುವ ಅವರ ಕೈ ಬೇರೆಯಾಯಿತು.

ಎತ್ತರ ಇನ್ನೂ ಕಷ್ಟ. ಕ್ಲೈನೋಮೀಟರಿನಲ್ಲಿ ಕೋನ ನೋಡಿ, ಅದರ ಟ್ಯಾಂಜೆಂಟನ್ನು ಮರದಿಂದ ನಮಗಿರುವ ದೂರದೊಂದಿಗೆ ಗುಣಿಸಿ ಲೆಕ್ಕ ಹಾಕುತ್ತೇವೆ. ಆದರೆ ಇಳಿಜಾರಿನಲ್ಲಿ ನಿಂತಾಗ, ಪಕ್ಕದ ಮರದ ಟೊಂಗೆಯನ್ನೇ ಈ ಮರದ ತುದಿಯೆಂದು ಭ್ರಮಿಸಿದಾಗ, ಒಂದೊಂದು ಮೀಟರ್ ಹೆಚ್ಚು ಕಡಿಮೆಯಾಗುವುದು ಸಹಜ. ಇಬ್ಬರು ವಿದ್ಯಾರ್ಥಿಗಳು ಒಂದೇ ಹೆಬ್ಬಲಸನ್ನು ಪ್ರತ್ಯೇಕವಾಗಿ ನೋಡಿ ಎಂಟು ಮೀಟರ್ ಮತ್ತು ಒಂಬತ್ತೂವರೆ ಮೀಟರ್ ಎಂದು ಬರೆದುಕೊಂಡು ಬಂದರು. ಇಬ್ಬರೂ ಶ್ರದ್ಧೆಯಿಂದ ಅಳೆದವರೇ.

ಮೂರನೆಯದಾದ ಸಾಂದ್ರತೆಯು ದೇಶೀ ಮರಗಳ ತೋಪನ್ನು ಒಂದೇ ಜಾತಿಯ ನೆಡುತೋಪಿನಿಂದ ಬೇರ್ಪಡಿಸುತ್ತದೆ. ಹಾಲೆಯ ಕಟ್ಟಿಗೆ ಹಗುರ, ಬಿಳಿ. ಹಿಂದೆ ಅದರಿಂದ ಶಾಲೆಯ ಬರೆಯುವ ಹಲಗೆಗಳನ್ನು ಮಾಡುತ್ತಿದ್ದರು, ಅದರ ಸಸ್ಯಶಾಸ್ತ್ರೀಯ ಹೆಸರಿನ ಎರಡನೆಯ ಪದವಾದ ಸ್ಕಾಲಾರಿಸ್ ಬಂದದ್ದೇ ಹಾಗೆ. ಬೋಗಿಯ ಕಟ್ಟಿಗೆಯಾದರೋ ದೋಣಿಗೂ ತೊಲೆಗೂ ಒದಗುವಷ್ಟು ಗಟ್ಟಿ. ಹಾಲೆಯ ಸಾಂದ್ರತೆಯನ್ನು 0.40 ಎಂದೂ ಬೋಗಿಯದನ್ನು 0.85 ಎಂದೂ ಹಿಡಿದು, ಎರಡೂ 15 ಸೆಂಟಿಮೀಟರ್ ವ್ಯಾಸ ಮತ್ತು 9 ಮೀಟರ್ ಎತ್ತರ ಇರುವ ಮರಗಳೆಂದು ಇಟ್ಟುಕೊಳ್ಳೋಣ. ಮೊದಲನೆಯದರ ಒಣತೂಕ ಸುಮಾರು 46 ಕಿಲೋ, ಎರಡನೆಯದರದು ಸುಮಾರು 97 ಕಿಲೋ. ದೂರದಿಂದ ನೋಡುವವನಿಗೆ ಎರಡೂ ಒಂದೇ ಗಾತ್ರದ ಮರಗಳು. ಎಲ್ಲದಕ್ಕೂ ಒಂದೇ ಸರಾಸರಿ ಸಾಂದ್ರತೆಯನ್ನು ಹಾಕಿ ಲೆಕ್ಕ ಮುಗಿಸುವುದು ಸುಲಭ, ಅನೇಕ ಕಡೆ ಹಾಗೆಯೇ ಮಾಡುತ್ತಾರೆ. ಹಾಗೆ ಮಾಡಿದರೆ ದೇಶೀ ತೋಪಿನ ಸ್ವಭಾವವೇ ಲೆಕ್ಕದಿಂದ ಅಳಿಸಿಹೋಗುತ್ತದೆ ಎಂದು ನನ್ನ ಅಭಿಪ್ರಾಯ. ಹೆಸರು ಗೊತ್ತಿಲ್ಲದೆ ಮರವನ್ನು ತೂಗಲಾಗದು. ಆದುದರಿಂದ ಮರಗಳನ್ನು ಗುರುತಿಸಬಲ್ಲವರು ಟೇಪು ಹಿಡಿದವರಷ್ಟೇ ಅಗತ್ಯ.

ಬೈನೆಯ ಮುಂದೆ ಈ ಸೂತ್ರವೇ ಸೋಲುತ್ತದೆ. ಅದು ತಾಳೆಯ ಜಾತಿಯದಾದ್ದರಿಂದ ಒಮ್ಮೆ ಕಾಂಡ ರೂಪುಗೊಂಡ ಮೇಲೆ ಇತರ ಮರಗಳಂತೆ ವರ್ಷ ವರ್ಷವೂ ದಪ್ಪವಾಗುತ್ತಾ ಹೋಗುವುದಿಲ್ಲ, ಮೇಲಕ್ಕೆ ಹೋಗುತ್ತದೆ. ಆರು ವರ್ಷಗಳ ನಂತರವೂ ಅದೇ ಸುತ್ತಳತೆ ಕಂಡು ಅದು ಬೆಳೆದಿಲ್ಲವೆಂದು ಬರೆದರೆ ಅನ್ಯಾಯ. ನಮ್ಮಲ್ಲಿರುವ ಹನ್ನೊಂದು ಬೈನೆಗಳನ್ನು ಪ್ರತ್ಯೇಕ ಪುಟದಲ್ಲಿ, ಎತ್ತರದೊಂದಿಗೆ ಮಾತ್ರ ಬರೆದಿಟ್ಟಿದ್ದೇನೆ.

ಆಟಿಯ ಗಾಯ

2024ರ ಜನವರಿಯ ಎರಡನೆಯ ಅಳತೆಯ ದಿನ ನಮ್ಮೊಂದಿಗೆ ಗುಡ್ಡೆಯ ಕೆಳಗಿನ ಮನೆಯ ಅಕ್ಕ ಬಂದಿದ್ದರು. ನೆಟ್ಟ ವರ್ಷ ಪಿಕ್ಕಾಸಿನಿಂದ ಮುರಕಲ್ಲು ಒಡೆದು ಗುಂಡಿ ತೆಗೆದವರಲ್ಲಿ ಅವರೂ ಒಬ್ಬರು. ಮೊದಲ ಮೂರು ಬೇಸಗೆಗಳಲ್ಲಿ ಕೊಡಪಾನದಲ್ಲಿ ನೀರು ಹೊತ್ತವರು. ಯಾವ ಮರ ಯಾವ ವರ್ಷ ಸೊರಗಿತು, ಯಾವುದನ್ನು ಮತ್ತೆ ನೆಡಲಾಯಿತು ಎಂಬುದು ನನ್ನ ಪುಸ್ತಕಕ್ಕಿಂತ ಅವರಿಗೆ ಚೆನ್ನಾಗಿ ಗೊತ್ತು. ಹಾಲೆಯ ಒಂದು ಮರದ ಬಳಿ ಬಂದಾಗ ಟೇಪು ಸುತ್ತಿದ ವಿದ್ಯಾರ್ಥಿನಿ 58 ಸೆಂಟಿಮೀಟರ್ ಎಂದು ಕೂಗಿದಳು. 2018ರಲ್ಲಿ ಅದೇ ಪಟ್ಟಿಯ ಮೇಲೆ 31 ಇದ್ದದ್ದು. ಇಷ್ಟು ಬೆಳೆಯಿತೇ ಎಂದು ಸಂತೋಷಪಟ್ಟು ಹತ್ತಿರ ಹೋದೆ. ಬಿಳಿ ಪಟ್ಟಿಯ ಮೇಲೆಯೂ ಕೆಳಗೂ ತೊಗಟೆ ಗಂಟು ಗಂಟಾಗಿ ಉಬ್ಬಿತ್ತು. ಹಳೆಯ ಗಾಯಗಳ ಅಂಚು ಸುರುಳಿಯಾಗಿ ಮುಚ್ಚಿಕೊಳ್ಳುತ್ತಿತ್ತು, ಒಂದು ಗಾಯ ಇನ್ನೂ ಹೊಸದಾಗಿತ್ತು.

"ಅದು ಆಟಿಯಲ್ಲಿ ಕೆತ್ತೆ ತೆಗೆದದ್ದು ಮಾಷ್ಟ್ರೇ," ಎಂದರು ಅಕ್ಕ ತುಳುವಿನಲ್ಲಿ. ತುಳುವರ ಆಟಿ ತಿಂಗಳಿನ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಪಾಲೆಯ (ಹಾಲೆಗೆ ತುಳುವಿನ ಹೆಸರು) ಮರದ ಬಳಿಗೆ ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆದು, ಅದರ ಕಷಾಯವನ್ನು ಖಾಲಿ ಹೊಟ್ಟೆಯಲ್ಲಿ ಕುಡಿದು, ಮೇಲಿಂದ ಮೆಂತೆ ಗಂಜಿ ಉಣ್ಣುವುದು ಇಲ್ಲಿಯ ಓದುಗರಿಗೆ ಹೇಳಬೇಕಾದ ಸಂಗತಿಯಲ್ಲ. ನನಗೂ ಗೊತ್ತಿದ್ದದ್ದೇ. ಆ ತೊಗಟೆ ಮರದ ಯಾವ ಎತ್ತರದಿಂದ ಬರುತ್ತದೆ ಎಂದು ಮಾತ್ರ ನಾನು ಒಮ್ಮೆಯೂ ಯೋಚಿಸಿರಲಿಲ್ಲ. "ಎಷ್ಟು ವರ್ಷದಿಂದ ಅಕ್ಕ?" ಎಂದು ಕೇಳಿದೆ. ಮೂರು ವರ್ಷವಾಯಿತು, ಮನೆಯ ಹಿಂದಿನ ದೊಡ್ಡ ಪಾಲೆ ಗಾಳಿಗೆ ಬಿದ್ದ ಮೇಲೆ ಇಲ್ಲಿಗೆ ಬರುತ್ತಿದ್ದೇವೆ, ಸುತ್ತಲಿನ ನಾಲ್ಕೈದು ಮನೆಯವರೂ ಬರುತ್ತಾರೆ ಎಂದರು. ಸ್ವಲ್ಪ ತಡೆದು, "ಕತ್ತಲೆಯಲ್ಲಿ ನಿಂತು ಜಜ್ಜುವಾಗ ಕೈ ಹೋಗುವುದು ಅಲ್ಲಿಗೇ ಅಲ್ಲವೇ?" ಎಂದು ಸೇರಿಸಿದರು. ಅವರ ಎದೆಯೆತ್ತರವೂ ಅರಣ್ಯಶಾಸ್ತ್ರದ ಎದೆಯೆತ್ತರವೂ ಒಂದೇ ಆಗಿತ್ತು.

ಗಂಟಿನಿಂದ ಮೇಲಕ್ಕೆ 30 ಸೆಂಟಿಮೀಟರ್ ಸರಿದು ಮತ್ತೆ ಅಳೆದೆವು. 49 ಬಂತು. ಎತ್ತರಕ್ಕೆ ಹೋದಂತೆ ಕಾಂಡ ಸ್ವಲ್ಪ ಸಪುರವಾಗುವುದು ಸಹಜವಾದರೂ ಆ ಅಂತರದಲ್ಲಿ ಒಂಬತ್ತು ಸೆಂಟಿಮೀಟರ್ ಇಳಿಯಲು ಸಾಧ್ಯವಿಲ್ಲ. ಅದರಲ್ಲಿ ಹೆಚ್ಚಿನ ಪಾಲು ಗಾಯದ ಊತ. 58ನ್ನೇ ನಂಬಿದ್ದರೆ ಆ ಮರದ ತೂಕ ಶೇಕಡಾ 39ರಷ್ಟು ಹೆಚ್ಚಾಗಿ ಬರುತ್ತಿತ್ತು. ಗಂಟು, ಕವಲು ಅಥವಾ ಬೇರಿನ ಚಾಚು ಇರುವಲ್ಲಿ ಅದರ ಮೇಲೆ ಅಳೆದು, ಎಷ್ಟು ಎತ್ತರದಲ್ಲಿ ಅಳೆದದ್ದೆಂದು ಬರೆದಿಡಬೇಕು ಎಂಬುದು ಹಳೆಯ ನಿಯಮ. ಹಾಗೆಯೇ ಮಾಡಿದೆವು. ಆದರೆ 2018ರ ಅಳತೆಯೊಂದಿಗೆ ಆ ಮರದ ನೇರ ಹೋಲಿಕೆ ಅಲ್ಲಿಗೆ ಕಡಿದುಹೋಯಿತು. ತೋಪಿನಲ್ಲಿ ಅಂಥ ಹಾಲೆಗಳು ಒಟ್ಟು ಏಳು ಇದ್ದವು.

ಜೊತೆಗಿದ್ದ ಒಬ್ಬ ವಿದ್ಯಾರ್ಥಿ, ಕೆತ್ತೆ ತೆಗೆಯಬಾರದೆಂದು ಒಂದು ಬೋರ್ಡು ಹಾಕಬಹುದಲ್ಲವೇ ಸರ್ ಎಂದು ಕೇಳಿದ. ಬೇಡವೆಂದೆ. ಆಗ ಕಾರಣವನ್ನು ಸ್ಪಷ್ಟವಾಗಿ ಹೇಳಲಾಗಲಿಲ್ಲ, ಈಗ ಹೇಳುತ್ತೇನೆ. ಆ ಮರ ಅಲ್ಲಿ ಉಳಿದಿರುವುದಕ್ಕೆ ನಮ್ಮ ಬಿಲ್ಲೆಗಿಂತ ಆ ನಾಲ್ಕೈದು ಮನೆಗಳ ಆಟಿಯೇ ಹೆಚ್ಚು ಬಲವಾದ ಆಸರೆ. ಹಾಲೆಯ ಕಟ್ಟಿಗೆಗೆ ಬೆಲೆಯಿಲ್ಲ, ನೆರಳು ಬೇಡವಾದ ಕಡೆ ಅದನ್ನು ಕಡಿಯಲು ಯಾರೂ ಎರಡನೆಯ ಸಲ ಯೋಚಿಸುವುದಿಲ್ಲ. ವರ್ಷಕ್ಕೊಮ್ಮೆ ಬೇಕಾಗುವ ಮರವನ್ನು ಮಾತ್ರ ಕಡಿಯುವುದಿಲ್ಲ.

ಪಕ್ಕದ ಅಕೇಶಿಯಾ

ನಮ್ಮ ತೋಪಿನ ಬೇಲಿಯ ಆಚೆ ಹೆಚ್ಚು ಕಡಿಮೆ ಅದೇ ವಯಸ್ಸಿನ ಅಕೇಶಿಯಾ ತೋಪೊಂದಿದೆ. ಆಸ್ಟ್ರೇಲಿಯಾ ಮತ್ತು ಪಪುವಾ ನ್ಯೂಗಿನಿಯ ಕಡೆಯಿಂದ ಬಂದ ಈ ಮರ 1980ರ ದಶಕದ ಸಾಮಾಜಿಕ ಅರಣ್ಯದ ಕಾಲದಿಂದ ಕರಾವಳಿಯ ಬೋಳುಗುಡ್ಡೆಗಳನ್ನೆಲ್ಲ ತುಂಬಿಕೊಂಡದ್ದನ್ನು ನನ್ನ ವಯಸ್ಸಿನವರು ಕಣ್ಣಾರೆ ಕಂಡಿದ್ದಾರೆ. ಜಾಗದ ಯಜಮಾನರ ಅನುಮತಿ ಪಡೆದು ಅಲ್ಲಿಯೂ 20 ಮೀಟರ್ ಉದ್ದ ಅಗಲದ ಎರಡು ಚೌಕಗಳನ್ನು ಅಳೆದೆವು. ಅದೇ ಟೇಪು, ಅದೇ ಸೂತ್ರ, ಅದೇ ಮಕ್ಕಳು. ಎಕರೆಗೆ ಲೆಕ್ಕ ಹಾಕಿದಾಗ ಅಕೇಶಿಯಾದ ಇಂಗಾಲ ನಮ್ಮದರ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಆ ವಿದ್ಯಾರ್ಥಿನಿ ಪುಸ್ತಕದಿಂದ ತಲೆಯೆತ್ತಿ, "ಹಾಗಾದರೆ ಸರ್, ನಾವು ಅಕೇಶಿಯಾವನ್ನೇ ನೆಡಬೇಕಿತ್ತೇ?" ಎಂದು ಕೇಳಿದಳು. ಪ್ರಾಮಾಣಿಕವಾದ ಪ್ರಶ್ನೆ. ಆ ದಿನ ಅವಳಿಗೆ ನಾನು ಕೊಟ್ಟ ಉತ್ತರ ಗಡಿಬಿಡಿಯದಾಗಿತ್ತು.

ಫಲಿತಾಂಶವನ್ನು ಅಲ್ಲಗಳೆಯುವುದರಲ್ಲಿ ಅರ್ಥವಿಲ್ಲ. ಅಕೇಶಿಯಾ ತನ್ನ ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಬಳಸಿಕೊಳ್ಳುತ್ತದೆ, ಬರಡು ಮುರಕಲ್ಲಿನಲ್ಲಿಯೂ ಮೊದಲ ವರ್ಷದಿಂದಲೇ ಏರುತ್ತದೆ, ಒತ್ತೊತ್ತಾಗಿ ನೆಟ್ಟರೂ ತಾಳಿಕೊಳ್ಳುತ್ತದೆ. ಬೋಗಿ ಮತ್ತು ರೆಂಜೆ ಮೊದಲ ಹತ್ತು ವರ್ಷ ಕಲ್ಲಿನ ಬಿರುಕುಗಳಲ್ಲಿ ಬೇರಿಗೆ ದಾರಿ ಹುಡುಕುವುದರಲ್ಲಿಯೇ ಇರುತ್ತವೆ. ಹನ್ನೆರಡನೆಯ ವರ್ಷದಲ್ಲಿ ಎರಡನ್ನೂ ಅಳೆದರೆ ಬೇಗ ಓಡುವುದೇ ಮುಂದಿರುವುದು ಸ್ವಾಭಾವಿಕ. ದೇಶೀ ಮರಗಳು ಹೆಚ್ಚು ಇಂಗಾಲ ಹಿಡಿಯುತ್ತವೆ ಎಂದು ವೇದಿಕೆಗಳ ಮೇಲೆ ಸುಲಭವಾಗಿ ಹೇಳುವುದನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ.

ಆದರೆ ಆ ಅಕೇಶಿಯಾ ತೋಪನ್ನು ಹದಿನೈದನೆಯ ವರ್ಷದೊಳಗೆ ಕಡಿಯಲಾಗುತ್ತದೆ, ಅದನ್ನು ನೆಟ್ಟದ್ದೇ ಕಡಿಯಲೆಂದು. ಸೌದೆಯಾಗಿ ಹೋದದ್ದು ಅದೇ ವರ್ಷ ಹೊಗೆಯಾಗಿ ಗಾಳಿಗೆ ಮರಳುತ್ತದೆ, ಕಾಗದವಾದದ್ದು ಹೆಚ್ಚೆಂದರೆ ಕೆಲವು ವರ್ಷ ತಡೆಯುತ್ತದೆ, ಕಿಟಕಿ ಬಾಗಿಲಾದದ್ದು ಇನ್ನಷ್ಟು ಕಾಲ ಉಳಿಯುತ್ತದೆ. ಸೊನ್ನೆಯಿಂದ ಏರಿ, ಕಡಿದಾಗ ಮತ್ತೆ ಸೊನ್ನೆಯ ಹತ್ತಿರಕ್ಕೆ ಇಳಿಯುವ ತೋಪು ಸರಾಸರಿಯಾಗಿ ಹಿಡಿದಿಡುವುದು ತನ್ನ ಗರಿಷ್ಠದ ಅರ್ಧದ ಆಸುಪಾಸು ಮಾತ್ರ. ಕಡಿಯದ ತೋಪು ಏರುತ್ತಲೇ ಇರುತ್ತದೆ. ಎಲ್ಲಿಯವರೆಗೆ? 1986ರಲ್ಲಿ ರೈ ಮತ್ತು ಪ್ರಾಕ್ಟರ್ ಎಂಬವರು ಆಗುಂಬೆಯೂ ಸೇರಿದಂತೆ ಕರ್ನಾಟಕದ ನಾಲ್ಕು ಮಳೆಕಾಡುಗಳ ರಚನೆ ಮತ್ತು ಜೀವರಾಶಿಯ ಅಧ್ಯಯನವನ್ನು ಪ್ರಕಟಿಸಿದ್ದರು. ಆಗುಂಬೆಯದು ನಮ್ಮ ತಲೆಯ ಮೇಲೆಯೇ, ಘಟ್ಟದ ಅಂಚಿನಲ್ಲಿರುವ ಕಾಡು. ಅದನ್ನು ನಮ್ಮ ಗುಡ್ಡೆಯ ಗುರಿಯೆಂದು ಹೇಳಲು ಮನಸ್ಸಾಗುತ್ತದೆ, ಆದರೆ ಅಲ್ಲಿಯ ಮಳೆಯೂ ಮಣ್ಣೂ ಇಲ್ಲಿಯದಲ್ಲ. ಹತ್ತಿರದ ನಾಗಬನಗಳೇ ನಮಗೆ ಸರಿಯಾದ ಅಳತೆಗೋಲು. ಅವುಗಳ ಒಳಗೆ ಟೇಪು ಹಿಡಿದು ಹೋಗುವುದು ನನಗೆ ಸರಿಯೆನಿಸದೆ ಬಿಟ್ಟಿದ್ದೇನೆ.

ಇಲ್ಲಿಯೇ ನನಗೆ ಅತ್ಯಂತ ಮುಖ್ಯವೆನಿಸಿದ ಸಂಗತಿ ಇದೆ. ಕಡಿಯುವುದಿಲ್ಲ ಎಂಬ ಮಾತನ್ನು ಯಾವ ಉಪಕರಣವೂ ಅಳೆಯಲಾರದು. ನಮ್ಮ ತೋಪಿನ ಮೌಲ್ಯವೆಲ್ಲ ಮುಂದಿನ ಐವತ್ತು ವರ್ಷಗಳಲ್ಲಿದೆ, ಆ ಐವತ್ತು ವರ್ಷಗಳು ಜಾಗದ ಕಾಗದಪತ್ರದಲ್ಲಿ, ಆಡಳಿತ ಮಂಡಳಿಯ ಮನಸ್ಸಿನಲ್ಲಿ, ಗುಡ್ಡೆಯ ಆಚೆ ಬದಿಯಲ್ಲಿ ಈಗಾಗಲೇ ಶುರುವಾಗಿರುವ ಕಲ್ಲಿನ ಕೋರೆ ಎಲ್ಲಿಯವರೆಗೆ ಬರುತ್ತದೆ ಎಂಬುದರಲ್ಲಿ ಇವೆ. ಹಿಡಿದಿಟ್ಟಿದೆ ಎಂದು ಫಲಕದ ಮೇಲೆ ಬರೆಯುವಾಗ ಹಿಡಿದಿಡುವವರು ಮನುಷ್ಯರು ಎಂಬುದನ್ನು ನಾವು ಮರೆತಿದ್ದೆವು.

ಸತ್ತವು ಮತ್ತು ಮಣ್ಣು

420ರಲ್ಲಿ 2024ಕ್ಕೆ ಉಳಿದದ್ದು 287. ಎರಡು ಅಳತೆಗಳ ನಡುವೆ ಸರಾಸರಿ ಸುತ್ತಳತೆ ಚೆನ್ನಾಗಿ ಏರಿದಂತೆ ಕಂಡಿತು, ಆದರೆ ಆ ಏರಿಕೆಯ ಒಂದು ಭಾಗ ಸಣ್ಣ ಗಿಡಗಳು ಸತ್ತು ಲೆಕ್ಕದಿಂದ ಹೊರಬಿದ್ದದ್ದರಿಂದ ಬಂದದ್ದು. ಬದುಕಿದವುಗಳ ಸರಾಸರಿಯನ್ನು ನೆಟ್ಟ ಸಂಖ್ಯೆಯಿಂದ ಗುಣಿಸಿದ ವರದಿಗಳನ್ನು ನಾನು ನೋಡಿದ್ದೇನೆ. ಅದು ಸತ್ತ ಮರಗಳಿಗೂ ತೂಕ ಕೊಡುವ ಲೆಕ್ಕ. ಇನ್ನೊಂದೆಡೆ, ನಾವು ನೆಡದ ಕಾಸರಕ, ಕುಂಟುನೇರಳೆ, ಕೇಪಳದ ಸಸಿಗಳು ನೆರಳಿನಲ್ಲಿ ತಾವಾಗಿ ಎದ್ದಿವೆ, ಬೇಲಿಯ ಆಚೆ ಅಷ್ಟಾಗಿ ಕಾಣಲಿಲ್ಲ. ಸೂತ್ರ ಅನ್ವಯಿಸುವುದು 5 ಸೆಂಟಿಮೀಟರ್ ವ್ಯಾಸ ದಾಟಿದವುಗಳಿಗೆ ಮಾತ್ರವಾದ್ದರಿಂದ ಅವು ಎಲ್ಲಿಯೂ ಸೇರಲಿಲ್ಲ.

ಮಣ್ಣಿನದು ಇನ್ನೂ ದೊಡ್ಡ ಕಥೆ. ಗದ್ದೆಯಲ್ಲಾದರೆ ಉಕ್ಕಿನ ಕೊಳವೆಯನ್ನು ಬಡಿದು ಇಳಿಸಿ ನಿರ್ದಿಷ್ಟ ಗಾತ್ರದ ಮಣ್ಣನ್ನು ತೆಗೆಯಬಹುದು. ಮುರಕಲ್ಲಿನಲ್ಲಿ ಕೊಳವೆಯೇ ಬಾಗುತ್ತದೆ. ನಾವು 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಒಳಗೆ ತೆಳುವಾದ ಪ್ಲಾಸ್ಟಿಕ್ ಹಾಸಿ, ಅಂಚಿನವರೆಗೆ ನೀರು ತುಂಬಿ ಎಷ್ಟು ಲೀಟರ್ ಹಿಡಿಯಿತೆಂದು ನೋಡಿ ಗಾತ್ರ ಕಂಡುಕೊಂಡೆವು. ತೆಗೆದ ಮಣ್ಣನ್ನು 2 ಮಿಲಿಮೀಟರಿನ ಜರಡಿಯಲ್ಲಿ ಹಾಕಿದಾಗ ಗಾತ್ರದ ಅರ್ಧದ ಹತ್ತಿರ ಕಲ್ಲುಹರಳು ಮೇಲೆಯೇ ಉಳಿಯಿತು. ಇದು ಸಣ್ಣ ವಿಷಯವಲ್ಲ. ಉದಾಹರಣೆಗೆ, ಜರಡಿಯಿಂದ ಇಳಿದ ಮಣ್ಣಿನಲ್ಲಿ ಶೇಕಡಾ 2 ಇಂಗಾಲವಿದ್ದು ಘನ ಸೆಂಟಿಮೀಟರಿಗೆ 1.1 ಗ್ರಾಂ ತೂಗಿದರೆ 30 ಸೆಂಟಿಮೀಟರ್ ಆಳಕ್ಕೆ ಹೆಕ್ಟೇರಿಗೆ 66 ಟನ್ ಇಂಗಾಲವೆಂದು ಲೆಕ್ಕ ಬರುತ್ತದೆ. ಗಾತ್ರದ ಶೇಕಡಾ 45 ಕಲ್ಲೆಂದು ಕಳೆದರೆ ಅದು 36ಕ್ಕೆ ಇಳಿಯುತ್ತದೆ. ಪ್ರಯೋಗಾಲಯದ ಚೀಟಿಯಲ್ಲಿ ಶೇಕಡಾ ಪ್ರಮಾಣ ಮಾತ್ರ ಇರುತ್ತದೆ, ಕಲ್ಲನ್ನು ಕಳೆಯಬೇಕೆಂದು ಅದು ನೆನಪಿಸುವುದಿಲ್ಲ. ಅದಕ್ಕೂ ಮಿಗಿಲಾಗಿ, 2012ರಲ್ಲಿ ನೆಡುವ ಮೊದಲು ಆ ಮಣ್ಣನ್ನು ನಾವು ಪರೀಕ್ಷಿಸಿರಲಿಲ್ಲ. ಮುಳಿಹುಲ್ಲು ಬೆಳೆದಿದ್ದ ಆ ನೆಲದಲ್ಲಿ ಆಗ ಎಷ್ಟಿತ್ತು ಎಂದು ತಿಳಿಯದೆ ಮರಗಳು ಎಷ್ಟು ಸೇರಿಸಿದವು ಎಂದು ಹೇಳಲು ಬರುವುದಿಲ್ಲ. ಆದುದರಿಂದ ಮಣ್ಣನ್ನು ಫಲಕದ ಲೆಕ್ಕಕ್ಕೆ ಸೇರಿಸಿಲ್ಲ. ಬೇರಿನ ತೂಕವನ್ನು ಮೇಲಿನ ತೂಕದ ಐದನೇ ಒಂದು ಭಾಗವೆಂದು ಹಿಡಿದದ್ದು ಪುಸ್ತಕದ ಮಾತು, ನಮ್ಮ ಕಲ್ಲು ಅದನ್ನು ಒಪ್ಪುತ್ತದೆಯೋ ಇಲ್ಲವೋ ಎಂದು ಬೇರು ಕಿತ್ತು ನೋಡಿಲ್ಲ.

ಬೇಸಗೆಯಲ್ಲಿ ಕೆಳಗಿನ ಮನೆಗಳವರು ಬಂದು ತರಗೆಲೆ ಗುಡಿಸಿ ಹಟ್ಟಿಗೆ ಒಯ್ಯುತ್ತಾರೆ. ಅದು ಗೊಬ್ಬರವಾಗಿ ಅಡಿಕೆ ತೋಟದ ಬುಡಕ್ಕೆ ಸೇರುತ್ತದೆ. ತೋಪಿನ ಲೆಕ್ಕದಲ್ಲಿ ಅದು ನಷ್ಟ, ಊರಿನ ಲೆಕ್ಕದಲ್ಲಿ ಅಲ್ಲ. ಗುಡ್ಡೆಯ ನೆತ್ತಿಯ ಪಾದೆಯಲ್ಲಿ, ಅಂದರೆ ಬಂಡೆಯ ಹಾಸಿನಲ್ಲಿ, ಒಂದೂ ಮರ ನೆಡಬಾರದೆಂದು ನಾನು ಆರಂಭದಲ್ಲಿಯೇ ಹಟ ಹಿಡಿದಿದ್ದೆ. ಮಳೆಗಾಲದಲ್ಲಿ ಅಲ್ಲಿ ನೀರು ನಿಂತು ಬೆರಳೆತ್ತರದ ಹೂಗಿಡಗಳು ಅರಳುತ್ತವೆ, ಮರ ಬಂದರೆ ಅವು ಹೋಗುತ್ತವೆ. ಆ ಹೂಗಳಲ್ಲಿ ತೂಗುವಷ್ಟು ಇಂಗಾಲವಿಲ್ಲ. ಇಂಗಾಲವೊಂದೇ ಮಾನದಂಡವಾಗಿದ್ದರೆ ಆ ಪಾದೆಯನ್ನು ಖಾಲಿ ಜಾಗವೆಂದು ಬರೆದು ಗುಂಡಿ ತೆಗೆಯುತ್ತಿದ್ದೆವು.

ಹಳೆಯ ಫಲಕವನ್ನು ತೆಗೆಸಲು ನಾಲ್ಕು ತಿಂಗಳು ಬೇಕಾಯಿತು. ಹೊಸದಕ್ಕೆ ನಾನು ಬರೆದುಕೊಟ್ಟದ್ದು ಇಷ್ಟು: 2024ರ ಜನವರಿಯ ಅಳತೆಯಂತೆ ಇಲ್ಲಿಯ 276 ಮರಗಳ ಕಾಂಡ, ಕೊಂಬೆ ಮತ್ತು ಬೇರುಗಳಲ್ಲಿ ಅಂದಾಜು ನಾಲ್ಕರಿಂದ ಆರು ಟನ್ ಇಂಗಾಲವಿದೆ, ಮಣ್ಣು, ತರಗೆಲೆ, 11 ಬೈನೆಗಳು ಮತ್ತು ತಾವಾಗಿ ಹುಟ್ಟಿದ ಸಸಿಗಳು ಇದರಲ್ಲಿ ಸೇರಿಲ್ಲ, ಮುಂದಿನ ಅಳತೆ 2030ರ ಜನವರಿ. ಅಷ್ಟು ಉದ್ದದ ಬರಹ ಯಾರು ಓದುತ್ತಾರೆ ಎಂದು ಕೆಲವರು ಕೇಳಿದರು. ಗೇಟಿನ ಬಳಿ ಬಸ್ಸಿಗೆ ಕಾಯುವ ಮಕ್ಕಳು ಓದುತ್ತಾರೆ.

ಏಳು ಹಾಲೆಗಳಿಗೆ ಗಾಯದಿಂದ ಮೇಲೆ ಹೊಸ ಪಟ್ಟಿ ಬಳಿದು, ಹಳೆಯದನ್ನೂ ಹಾಗೆಯೇ ಉಳಿಸಿದ್ದೇವೆ. ಆ ವರ್ಷದ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಅಕ್ಕ ಫೋನು ಮಾಡಿದರು. ಈ ಸಲ ಮೊಣಕಾಲಿನ ಎತ್ತರದಲ್ಲಿ ತೆಗೆದಿದ್ದೇವೆ, ಕುಳಿತು ಜಜ್ಜಬೇಕಾಯಿತು, ಪಟ್ಟಿಗಳನ್ನು ಮುಟ್ಟಿಲ್ಲ, ನಿಮಗೂ ಒಂದು ಲೋಟ ಕಷಾಯ ಇಟ್ಟಿದ್ದೇನೆ ಎಂದರು. ಮಳೆ ಸುರಿಯುತ್ತಿತ್ತು. ಪುಸ್ತಕದಲ್ಲಿ ಏಳೂ ಮರಗಳ ಸಂಖ್ಯೆಯ ಎದುರು ದಿನಾಂಕ, ಗಾಯದ ಎತ್ತರ ಬರೆದುಕೊಂಡು ಹೊರಟೆ.